ಬಿಡುಗಡೆಯ ಅಮ್ಮ, ಗೋಡೆಯ ಮುತ್ತಪ್ಪ

ಕೊಚ್ಚಿಯ ವಲ್ಲಾರ್ಪಾಡಂ ಮಾತೆಯ ಇಗರ್ಜಿಗೆ ಹರಕೆ ಹೊತ್ತು ಬಂದವರು ಮೊದಲು ಹಿಡಿಸೂಡಿ ಹಿಡಿಯುತ್ತಾರೆ. ಮೇಣದಬತ್ತಿ, ಹೂಮಾಲೆ, ಮೊಣಕಾಲೂರಿ ಬೇಡುವುದು ಎಲ್ಲ ಆಮೇಲೆ. ಹೊಸದಾಗಿ ಮದುವೆಯಾದ ಹುಡುಗಿ ಜರಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸುತ್ತಾಳೆ. ಕಚೇರಿಗೆ ರಜೆ ಹಾಕಿ ಬಂದ ಗಂಡಸು ಪ್ಯಾಂಟಿನ ಕಾಲು ಮಡಚಿಕೊಂಡು ಗುಡಿಸುತ್ತಾನೆ. ಶಾಲೆಗೆ ಹೋಗುವ ಮಗು ತನ್ನಷ್ಟೇ ಎತ್ತರದ ಹಿಡಿಸೂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗುಡಿಸುತ್ತದೆ. ಅಂಗಳದಲ್ಲಿ ಕಸ ಇರಲೇಬೇಕೆಂದಿಲ್ಲ, ಹಿಂದಿನವರು ಗುಡಿಸಿ ಹೋದ ಜಾಗವನ್ನೇ ಮುಂದಿನವರು ಮತ್ತೆ ಗುಡಿಸುತ್ತಾರೆ. ಇಲ್ಲಿಗೆ ಬಂದವರು ಅಮ್ಮನ ಮನೆಯ ಆಳುಗಳು, ಆಳಾದವರು ಅಂಗಳದ ಕೆಲಸ ಮುಗಿಸದೆ ಒಳಗೆ ಹೋಗುವುದುಂಟೇ? ಈ ಆಳುತನಕ್ಕೆ ಒಂದು ಕತೆಯಿದೆ, ಒಂದು ಇಸವಿಯಿದೆ, ಒಬ್ಬಳು ಹೆಣ್ಣುಮಗಳ ಹೆಸರಿದೆ.

1752ರ ಮೇ ತಿಂಗಳು. ವಲ್ಲಾರ್ಪಾಡಂ ದ್ವೀಪದ ಪಳ್ಳಿಯಿಲ್ ಎಂಬ ನಾಯರ್ ಮನೆತನದ ಮೀನಾಕ್ಷಿ ಅಮ್ಮ ಎಳೆಯ ಮಗನನ್ನು ಎತ್ತಿಕೊಂಡು ವಂಜಿಯಲ್ಲಿ ಮಟ್ಟಾಂಚೇರಿಗೆ ಹೊರಟಿದ್ದಳು. ದ್ವೀಪದಿಂದ ಮಟ್ಟಾಂಚೇರಿಗೆ ಕಾಯಲು, ಅಂದರೆ ಹಿನ್ನೀರು, ದಾಟುವುದು ಅಂದಿನವರಿಗೆ ದಿನದ ಮಾತು. ಆದರೆ ಮೇ ತಿಂಗಳ ಕೊನೆಯ ಕಾಯಲಿನ ಬುದ್ಧಿ ಹೇಳಲಾಗದು. ಗಾಳಿ ಎದ್ದಿತು, ದೋಣಿ ಮಗುಚಿತು, ತಾಯಿ ಮಗು ಇಬ್ಬರೂ ಮುಳುಗಿದರು. ಮುಳುಗುವಾಗ ಅವಳು ಕರೆದದ್ದು ದಡದಲ್ಲಿದ್ದ ಇಗರ್ಜಿಯ ಮಾತೆಯನ್ನು: ಬದುಕಿಸಿದರೆ ಉಳಿದ ಕಾಲವೆಲ್ಲ ನಿನ್ನ ಆಳಾಗಿರುತ್ತೇನೆ ಎಂದು. ಮೂರನೆಯ ದಿನ ಇಗರ್ಜಿಯ ಪಾದ್ರಿ ಮಿಗೆಲ್ ಕೊರೆಯಾ ಅವರಿಗೆ ಕನಸಿನಲ್ಲಿ ಅಪ್ಪಣೆಯಾಯಿತು. ಅವರು ಮೀನುಗಾರರನ್ನು ಕರೆದು ಇಂಥ ಕಡೆ ಬಲೆ ಬೀಸಿ ಎಂದರು. ಬಲೆಯಲ್ಲಿ ತಾಯಿಯೂ ಮಗುವೂ ಜೀವಸಹಿತ ಮೇಲೆ ಬಂದರು. ಮೀನಾಕ್ಷಿ ಅಮ್ಮ ಮನೆಗೆ ಹಿಂದಿರುಗಲಿಲ್ಲ. ಮರಿಯಾ ಎಂಬ ಹೆಸರು ಪಡೆದು, ಮಗನಿಗೆ ಯೇಸುದಾಸ್ ಎಂಬ ಹೆಸರಿಡಿಸಿ, ಸಾಯುವವರೆಗೂ ಇಗರ್ಜಿಯ ಅಂಗಳದಲ್ಲೇ ಕೆಲಸಮಾಡಿಕೊಂಡಿದ್ದಳು. ಪೀಠದ ಮೇಲಿನ ಚಿತ್ರದಲ್ಲಿ ಮಾತೆಯ ಕಾಲಬುಡದಲ್ಲಿ ಆ ಇಬ್ಬರನ್ನೂ ಬರೆದು ಸೇರಿಸಿದ್ದಾರೆ. ಇಂದಿಗೂ ಜನ ಮಕ್ಕಳನ್ನು ಕರೆತಂದು ಅಮ್ಮನಿಗೆ 'ಅಡಿಮೆ'ಯಾಗಿ, ಅಂದರೆ ಆಳಾಗಿ, ಒಪ್ಪಿಸುತ್ತಾರೆ.

ನಾನು ಈ ಕತೆಯನ್ನು ಕೇಳಿದ್ದು ವೈಪಿನ್‌ನ ನಮ್ಮ ಪಕ್ಕದ ಮನೆಯ ಅಮ್ಮಾಮನ, ಅಂದರೆ ಅಜ್ಜಿಯ, ಬಾಯಿಂದ. ಉಡುಪಿ ಕಡೆಯಿಂದ ಕೆಲಸಕ್ಕಾಗಿ ಇಲ್ಲಿಗೆ ಬಂದು ನೆಲೆಸಿದ ನನಗೆ ಕೊಚ್ಚಿಯ ಅರ್ಧಕ್ಕರ್ಧ ತಿಳಿದಿರುವುದು ಅವರು ಮೀನು ಕೊಯ್ಯುತ್ತಾ, ಮಲ್ಲಿಗೆ ಕಟ್ಟುತ್ತಾ ಹೇಳಿದ ಮಾತುಗಳಿಂದಲೇ. ನೀರಿನಡಿಯ ಆ ಮೂರು ದಿನಗಳ ಬಗ್ಗೆ ಅವರಿಗೆ ವಿಶೇಷ ಅಕ್ಕರೆ.

"ಮೂರು ದಿನ ನೀರೊಳಗೆ ಆ ಮಗು ಹಾಲು ಕುಡಿಯುತ್ತಲೇ ಇತ್ತು, ಮೋಳೇ. ತಾಯಿ ಬದುಕಿದ್ದರೆ ಮಗುವಿಗೆ ಹಾಲು, ಅಮ್ಮ ಇದ್ದರೆ ತಾಯಿಗೆ ಉಸಿರು" ಎಂದು ಅವರು ಹೇಳುವಾಗ ಕೈಯಲ್ಲಿನ ಕೆಲಸ ನಿಂತುಬಿಡುತ್ತದೆ.

ಪವಾಡ ನಡೆದದ್ದು ನಿಜವೇ ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ. ನನ್ನನ್ನು ಹಿಡಿದಿರುವ ಸಂಗತಿ ಬೇರೆ. ಈ ಇಗರ್ಜಿಯ ಮಾತೆ ಯಾರು? ಸೆರೆಯಾಳುಗಳನ್ನೂ ಗುಲಾಮರನ್ನೂ ಬಿಡಿಸುವವಳು. 1218ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಪೀಟರ್ ನೊಲಾಸ್ಕೊ ಎಂಬ ಸಂತ ಒಂದು ಸನ್ಯಾಸಿ ಪಂಥವನ್ನು ಕಟ್ಟಿದ. ಮೆಡಿಟರೇನಿಯನ್ ಸಮುದ್ರದಲ್ಲಿ ಹಿಡಿದು ಮಾರಲ್ಪಟ್ಟ ಕ್ರೈಸ್ತರಿಗೆ ಈಡು ಕೊಟ್ಟು ಬಿಡಿಸಿ ತರುವುದೇ ಅದರ ಕಸುಬು. ಹಣ ಸಾಲದೆ ಹೋದರೆ ಸೆರೆಯಾಳಿನ ಜಾಗದಲ್ಲಿ ತಾವೇ ಒತ್ತೆಯಾಳಾಗಿ ಕೂರಬೇಕೆಂಬುದು ಆ ಸನ್ಯಾಸಿಗಳ ವ್ರತ. ಅವರ ಮಾತೆಯ ಹಬ್ಬ ಸೆಪ್ಟೆಂಬರ್ 24. ವಲ್ಲಾರ್ಪಾಡಂನ ದೊಡ್ಡ ಹಬ್ಬವೂ ಅದೇ ದಿನ. ಹಾಗಾದರೆ ಬಿಡುಗಡೆಯ ದೇವಿಯ ಅಂಗಳದಲ್ಲೇ ಒಬ್ಬ ಹೆಣ್ಣು ಮನಸಾರೆ ಆಳಾಗಿ ನಿಂತಳು. ಅದೇ ನೀರಿನ ಆಚೆ ದಡದಲ್ಲಿ, ಮಟ್ಟಾಂಚೇರಿಯ ಗೋಡೆಗಳೊಳಗೆ, ಯಾರೂ ಬಿಡಿಸದ ಒಬ್ಬ ಗುಲಾಮ ಇಂದಿಗೂ ಇದ್ದಾನೆಂದು ಜನ ನಂಬುತ್ತಾರೆ. ಕೊಚ್ಚಿಯ ನೀರಿನ ಸುತ್ತ ಹುಟ್ಟಿದ ಕತೆಗಳನ್ನು ಕೇಳುತ್ತಾ ಹೋದಷ್ಟೂ ನನಗೆ ಅನ್ನಿಸುವುದು ಇಷ್ಟು: ಇಲ್ಲಿನ ದೇವರು, ಯಕ್ಷಿ, ಭೂತಗಳೆಲ್ಲ ಒಂದೇ ವ್ಯಾಜ್ಯದ ಸಾಕ್ಷಿಗಳು. ಯಾರನ್ನು ಯಾರು ಕಟ್ಟಿಹಾಕಿದರು, ಯಾರು ಬಿಡಿಸಿದರು, ಬಿಡಿಸದೆ ಉಳಿದವರು ಯಾರು?

ಮಾತೆಯ ಚಿತ್ರ ವಲ್ಲಾರ್ಪಾಡಂಗೆ ಬಂದದ್ದು 1524ರಲ್ಲಿ, ಪೋರ್ಚುಗೀಸ್ ವ್ಯಾಪಾರಿಗಳ ಹಡಗಿನಲ್ಲಿ ಎನ್ನುತ್ತಾರೆ. ಅದೇ ವರ್ಷದ ಕ್ರಿಸ್ಮಸ್ ಹಿಂದಿನ ದಿನ ವಾಸ್ಕೋ ಡ ಗಾಮಾ ಕೊಚ್ಚಿಯಲ್ಲಿ ತೀರಿಕೊಂಡ. 1676ರ ನೆರೆಯಲ್ಲಿ ಹಳೆಯ ಇಗರ್ಜಿ ಕೊಚ್ಚಿಹೋಯಿತು, ಚಿತ್ರ ಕಾಯಲಿನಲ್ಲಿ ತೇಲುತ್ತಿತ್ತು. ಅದನ್ನು ಎತ್ತಿಸಿದವರು ಕೊಚ್ಚಿ ರಾಜರ ಮಂತ್ರಿ ಪಾಲಿಯತ್ ರಾಮನ್ ವಲಿಯಚ್ಚನ್. ಅವರು ಹಿಂದೂ. ಹೊಸ ಇಗರ್ಜಿಗೆ ಜಾಗ ಕೊಟ್ಟರು, ಮರುವರ್ಷ ಆರದ ದೀಪವೊಂದನ್ನು, ಮಲಯಾಳಿಗಳು ಕೆಡಾವಿಳಕ್ಕು ಎನ್ನುವುದನ್ನು, ಕಾಣಿಕೆಯಿತ್ತರು. ಅದರ ಎಣ್ಣೆಗೂ ಪಾಲಿಯಂ ಅರಮನೆಯಿಂದಲೇ ಏರ್ಪಾಡಾಯಿತು. 2004ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಇಗರ್ಜಿಯನ್ನು ಬೆಸಿಲಿಕಾ ಎಂದು ಘೋಷಿಸಿದರು. ಅದೇ ಸುಮಾರಿಗೆ ಗೋಶ್ರೀ ಸೇತುವೆಗಳು ತೆರೆದು ಎರ್ನಾಕುಲಂನಿಂದ ಬೋಳ್ಗಾಟ್ಟಿ, ವಲ್ಲಾರ್ಪಾಡಂ ಹಾದು ವೈಪಿನ್‌ವರೆಗೆ ಬಸ್ಸು ಬಂತು. ಮಗುಚುವ ದೋಣಿಯಿಲ್ಲದೆಯೇ ಅಮ್ಮನ ಬಳಿಗೆ ಹೋಗಬಹುದಾಯಿತು.

ನೀರಿನಿಂದ ಎದ್ದು ಬಂದ ದೇವರೆಂದರೆ ನಮ್ಮ ಕಡಲತಡಿಯವರಿಗೆ ಹೊಸತೇನಲ್ಲ. ಉಡುಪಿಯ ಕೃಷ್ಣನೇ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, ಗೋಪೀಚಂದನದ ಹೆಂಟೆಯೊಳಗೆ ಕೂತು ಮಲ್ಪೆಗೆ ಬಂದವನು. ದಡದಲ್ಲಿ ನಿಂತು ಬಟ್ಟೆ ಬೀಸಿ ಹಡಗನ್ನು ಉಳಿಸಿದವರು ಮಧ್ವಾಚಾರ್ಯರು. ಮುಲ್ಕಿಯ ಬಪ್ಪನಾಡಿನಲ್ಲಿ ಶಾಂಭವಿ ಹೊಳೆಯಲ್ಲಿ ಹಡಗು ಕಚ್ಚಿಕೊಂಡಾಗ ದುರ್ಗಾಪರಮೇಶ್ವರಿ ಕನಸಿನಲ್ಲಿ ಬಂದದ್ದು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿಗೆ. ಅಲ್ಲಿನ ಗುಡಿ ಅವನು ಕಟ್ಟಿಸಿದ್ದು, ಜಾತ್ರೆಯ ಪ್ರಸಾದದಲ್ಲಿ ಅವನ ಮನೆತನಕ್ಕೆ ಇಂದಿಗೂ ಪಾಲುಂಟು. ಇನ್ನು ನಮ್ಮ ಮೊಗವೀರರ ಬೊಬ್ಬರ್ಯ. ತಂದೆ ಬ್ಯಾರಿ ವ್ಯಾಪಾರಿ, ತಾಯಿ ಜೈನರ ಹೆಣ್ಣು ಎಂದು ಅವನ ಕತೆ ಹೇಳುತ್ತದೆ. ಕಡಲಿನಲ್ಲಿ ಅಳಿದು ಕಡಲಿಗೆ ಹೋಗುವವರನ್ನು ಕಾಯುವ ದೈವವಾದ. ಮೀನುಗಾರಿಕೆಗೆ ಹೊರಡುವ ಮುನ್ನ ಅವನನ್ನು ನೆನೆಯದವರಿಲ್ಲ. ಕುಂಬಳೆಯ ಬಳಿ ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಕೋಲ ಆಗುತ್ತದೆ, ಆ ಭೂತದ ವೇಷ ಮುಸಲ್ಮಾನನದು. ಅಮ್ಮಾಮನಿಗೆ ಬೊಬ್ಬರ್ಯನ ಕತೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು: "ಅವನಿಗೆ ಮದುವೆ ಆಗಿತ್ತಾ?" ಇಲ್ಲವೆಂದೆ. "ಪಾಪ" ಎಂದು ಮಲ್ಲಿಗೆ ಕಟ್ಟುವುದನ್ನು ಮುಂದುವರಿಸಿದರು.

ಸಮುದ್ರ ಇರುವಲ್ಲೆಲ್ಲ ಇಂಥವರು ಇರುತ್ತಾರೆ. ಚೀನಾದ ಫುಜಿಯಾನ್ ಕರಾವಳಿಯ ಮೈಜೋ ದ್ವೀಪದಲ್ಲಿ ಕ್ರಿ.ಶ. 960ರಲ್ಲಿ ಹುಟ್ಟಿದಳೆಂದು ಹೇಳುವ ಲಿನ್ ಎಂಬ ಹುಡುಗಿ ಮಗ್ಗದ ಮುಂದೆ ಕೂತು ನೇಯುತ್ತಲೇ ಮೈಮರೆತು, ದೂರದ ಬಿರುಗಾಳಿಯಲ್ಲಿ ಸಿಕ್ಕ ತಂದೆಯನ್ನೂ ಅಣ್ಣಂದಿರನ್ನೂ ಹಿಡಿದೆಳೆಯುತ್ತಿದ್ದಳಂತೆ. ತಾಯಿ ಗಾಬರಿಯಾಗಿ ಮೈ ಅಲುಗಾಡಿಸಿ ಎಬ್ಬಿಸಿದ್ದರಿಂದ ಒಬ್ಬನ ಕೈ ಜಾರಿಹೋಯಿತು. ಆ ಹುಡುಗಿಯೇ ಮಾಜು, ಚೀನೀ ನಾವಿಕರ ಕಡಲ ತಾಯಿ. ಹದಿನೈದನೆಯ ಶತಮಾನದಲ್ಲಿ ಝೆಂಗ್ ಹೆಯ ಭಾರಿ ನೌಕಾಪಡೆ ಕೋಝಿಕೋಡಿಗೂ ಕೊಚ್ಚಿಗೂ ಬಂದಾಗ ಹಡಗುಗಳಲ್ಲಿ ಅವಳ ಪೂಜೆ ನಡೆಯುತ್ತಿತ್ತು. 1431ರಲ್ಲಿ ಝೆಂಗ್ ಹೆ ಚಾಂಗ್ಲೆಯಲ್ಲಿ ನಿಲ್ಲಿಸಿದ ಶಿಲಾಶಾಸನ ಅವಳ ಉಪಕಾರವನ್ನು ನೆನೆಯುತ್ತದೆ: ಬಿರುಗಾಳಿಯ ನಡುವೆ ಪಟದ ಕಂಬದ ತುದಿಯಲ್ಲಿ ದೇವಿಯ ದೀಪ ಹೊತ್ತಿಕೊಂಡು ಧೈರ್ಯ ತುಂಬಿತೆಂದು. ಪೋರ್ಚುಗೀಸ್ ನಾವಿಕರೂ ಕಂಬದ ಮೇಲಿನ ಅದೇ ನೀಲಿ ಬೆಳಕನ್ನು ಕಂಡು ಕೈಮುಗಿಯುತ್ತಿದ್ದರು, ಅದನ್ನು ತಮ್ಮ ಸಂತನ ಹೆಸರಿನಿಂದ ಕರೆಯುತ್ತಿದ್ದರು. ಗುಡುಗುಮೋಡದ ಕೆಳಗೆ ಗಾಳಿಯಲ್ಲಿ ವಿದ್ಯುತ್ತು ಕೂಡಿಕೊಂಡು ಚೂಪು ತುದಿಗಳಿಂದ ಹೊಮ್ಮುವ ಬೆಳಕದು ಎಂದು ವಿಜ್ಞಾನ ವಿವರಿಸಿದೆ. ಎಷ್ಟೇ ವಿವರಿಸಿದರೂ, ಮುಳುಗುತ್ತಿರುವವನಿಗೆ ಬೆಳಕು ಕಂಡದ್ದು ಕಂಡದ್ದೇ. ವಲ್ಲಾರ್ಪಾಡಂನ ಪೀಠದ ಮುಂದೆ ವಲಿಯಚ್ಚನ್ ಕೊಟ್ಟ ದೀಪವನ್ನು ನೋಡುವಾಗಲೆಲ್ಲ ನನಗೆ ಆ ಕಂಬದ ತುದಿಯ ದೀಪದ ನೆನಪಾಗುತ್ತದೆ.

ಮೀನಾಕ್ಷಿ ಅಮ್ಮನ ಕತೆಗೆ ಎರಡೇ ವರ್ಷ ಮುಂಚೆ, 1750ರಲ್ಲಿ, ತಿರುವನಂತಪುರದಲ್ಲಿ ಇನ್ನೊಂದು ಶರಣಾಗತಿ ನಡೆದಿತ್ತು. ತಿರುವಿದಾಂಕೂರಿನ ಮಾರ್ತಾಂಡವರ್ಮ ತಾನು ಗೆದ್ದು ಕೂಡಿಸಿದ ರಾಜ್ಯವನ್ನೆಲ್ಲ ಖಡ್ಗದ ಸಮೇತ ಅನಂತಪದ್ಮನಾಭನ ಪಾದದ ಬಳಿ ಇಟ್ಟು, ಇನ್ನು ಮೇಲೆ ತಾನು ಪದ್ಮನಾಭದಾಸ, ಸ್ವಾಮಿಯ ಆಳಾಗಿ ರಾಜ್ಯ ನೋಡಿಕೊಳ್ಳುವವನು ಎಂದ. ತೃಪ್ಪಡಿದಾನವೆಂದು ಅದನ್ನು ಕರೆಯುತ್ತಾರೆ. ನಮಗೆ ದಾಸರೆಂದರೆ ಪುರಂದರರು, ಕನಕರು. ತಂಬೂರಿ ಹಿಡಿದು ಬೀದಿಗೆ ಬಂದವರು. ರಾಜ ದಾಸನಾದರೆ ರಾಜ್ಯ ಕೈಬಿಡುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ: ಅವನ ಮೇಲೆ ತಿರುಗಿ ಬಿದ್ದರೆ ಸ್ವಾಮಿಯ ಮೇಲೇ ತಿರುಗಿ ಬಿದ್ದಂತೆ. ಮೀನಾಕ್ಷಿ ಅಮ್ಮನಿಗೆ ಆಳುತನದಿಂದ ಸಿಕ್ಕಿದ್ದು ಒಂದು ಹಿಡಿಸೂಡಿ. ನನ್ನ ಮನಸ್ಸು ಅವಳ ಕಡೆಗೇ. ಆದರೆ ಇಬ್ಬರಿಗೂ ಆಳಾಗುವ ಆಯ್ಕೆ ಇತ್ತು. ಅದೇ ಕಾಲದಲ್ಲಿ ಕೇರಳದ ಗದ್ದೆಗಳಲ್ಲಿ ಪುಲಯರನ್ನೂ ಪರಯರನ್ನೂ ಭೂಮಿಯ ಜೊತೆ ಮಾರುತ್ತಿದ್ದರು, ಒತ್ತೆಯಿಡುತ್ತಿದ್ದರು. ಅಡಿಮೆ ಎಂಬುದು ಅವರಿಗೆ ಹರಕೆಯಾಗಿರಲಿಲ್ಲ. ಕೊಚ್ಚಿಯಲ್ಲಿ ಅದು ಕಾನೂನಿನಿಂದ ನಿಂತದ್ದು 1854ರಲ್ಲಿ, ತಿರುವಿದಾಂಕೂರಿನಲ್ಲಿ 1855ರಲ್ಲಿ. ಮೀನಾಕ್ಷಿ ಅಮ್ಮ ನೀರಿನಿಂದೆದ್ದು ನೂರು ವರ್ಷ ಕಳೆದ ಮೇಲೆ.

ಪದ್ಮನಾಭನ ಗುಡಿಯಲ್ಲಿ ಇನ್ನೊಬ್ಬಳಿದ್ದಾಳೆ. 2011ರಲ್ಲಿ ಗುಡಿಯ ನೆಲಮಾಳಿಗೆಗಳನ್ನು ತೆರೆದು ಲೆಕ್ಕ ಹಾಕಿದಾಗ 'ಬಿ' ಕಲ್ಲರೆಯೊಂದನ್ನು ತೆರೆಯಲಿಲ್ಲ. ಅಲ್ಲಿ ಕಾಂಜಿರೋಟ್ಟು ಯಕ್ಷಿ ನೆಲೆಸಿದ್ದಾಳೆಂದು ಐತಿಹ್ಯ. ಸುಂದರಿ, ಉಗ್ರೆ, ಎಷ್ಟೋ ಗಂಡಸರ ರಕ್ತ ಹೀರಿದವಳು, ಕೊನೆಗೆ ಸ್ವಾಮಿಗೆ ಶರಣಾಗಿ ಒಳಸೇರಿದವಳು. ಕೇರಳದ ಯಕ್ಷಿಯ ರೀತಿ ಎಲ್ಲರಿಗೂ ಗೊತ್ತಿರುವುದೇ: ಹಾಲೆಮರದ ಹೂವಿನ ಪರಿಮಳ, ಬಿಳಿ ಸೀರೆ, ನೆಲ ಮುಟ್ಟುವ ಕೂದಲು, ಎಲೆಗೆ ಸುಣ್ಣ ಇದೆಯೇ ಎಂಬ ಪ್ರಶ್ನೆ. ಸುಣ್ಣ ಕೊಟ್ಟವನಿಗೆ ತಾಳೆಮರದ ತುದಿ ಅರಮನೆಯಾಗಿ ಕಾಣುತ್ತದೆ, ಬೆಳಗಾದರೆ ಮರದಡಿಯಲ್ಲಿ ಉಗುರು ಕೂದಲು ಮಾತ್ರ. ಜೈನರ ಹೊಂಬುಜದ ಪದ್ಮಾವತಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ, ನರಸಿಂಹರಾಜಪುರದ ಜ್ವಾಲಾಮಾಲಿನಿಯರನ್ನು ಯಕ್ಷಿಯರೆಂದು ಪೂಜಿಸುವ ನಮ್ಮ ನಾಡಿನಿಂದ ಬಂದವಳಿಗೆ ಇದನ್ನು ಕೇಳಿ ಸಂಕಟವಾಗುತ್ತದೆ. ಪೆರುಂಬಾವೂರಿನ ಬಳಿ ಕಲ್ಲಿಲ್ ಎಂಬಲ್ಲಿ ಬಂಡೆಯೊಳಗೆ ಕೊರೆದ ಹಳೆಯ ಜೈನ ಬಸದಿ ಈಗ ಭಗವತಿಯ ಗುಡಿ. ಅಲ್ಲಿ ಪೂಜೆಗೊಳ್ಳುವವಳು ಪದ್ಮಾವತಿ ಯಕ್ಷಿಯೇ. ಜೈನರು ಚದುರಿಹೋದ ನಾಡಿನಲ್ಲಿ ಕೆಲವು ಯಕ್ಷಿಯರಿಗೆ ಭಗವತಿಯ ಪಟ್ಟ ಸಿಕ್ಕಿತು, ಉಳಿದವರು ತಾಳೆಮರ ಹತ್ತಬೇಕಾಯಿತು ಎಂದು ನನ್ನ ಊಹೆ.

ಆ ಯಕ್ಷಿಯರನ್ನು ಹಿಡಿದವರಲ್ಲಿ ಹೆಸರಾದವರು ಕಡಮಟ್ಟತ್ತು ಕತ್ತನಾರ್, ಎರ್ನಾಕುಲಂ ಜಿಲ್ಲೆಯ ಕಡಮಟ್ಟಂ ಇಗರ್ಜಿಯ ಪಾದ್ರಿ. ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲೆ' 1909ರಿಂದ ಎಂಟು ಸಂಪುಟಗಳಲ್ಲಿ ಬಂದು ಮನೆಮಾತಾಯಿತು. ಅದರೊಳಗಿನ ಎಲ್ಲ ಮಂತ್ರವಾದಿಗಳಲ್ಲಿ ನನಗೆ ಪ್ರೀತಿಯವನು ಈ ಕತ್ತನಾರ್. ತಬ್ಬಲಿ ಹುಡುಗ. ಪರ್ಷಿಯಾದಿಂದ ಬಂದ ಬಿಷಪ್ ಮಾರ್ ಆಬೊ ಸಾಕಿದ್ದು. ದನ ಕಾಯಲು ಹೋದಾಗ ಹುಲಿ ಅಟ್ಟಿಸಿಕೊಂಡು ಬಂದು, ಕಾಡಿನೊಳಗೆ ಮಲಯರಯರ ಕೈಸೇರಿ, ಅವರಿಂದ ಮಾಂತ್ರಿಕವಿದ್ಯೆ ಕಲಿತು ಮರಳಿದವನು. ಅವನೊಮ್ಮೆ ದಾರಿಯಲ್ಲಿ ಸುಣ್ಣ ಕೇಳಿದ ಯಕ್ಷಿಯ ನೆತ್ತಿಗೆ ಕಬ್ಬಿಣದ ಮೊಳೆ ಹೊಡೆದ. ಮೊಳೆ ಇಳಿದ ಕೂಡಲೇ ಯಕ್ಷಿ ಸಾಧಾರಣ ಹೆಂಗಸಾದಳು. ಅವಳನ್ನು ಕಾಯಂಕುಳದಲ್ಲಿದ್ದ ನೆಂಟರ ಮನೆಗೆ ಕರೆತಂದ. ಅವಳು ಆ ಮನೆಯ ಕೆಲಸಕ್ಕೆ ಕೈಹಾಕಿದಳು. ಒಂದು ದಿನ ಮನೆಯ ಮುದುಕಿ ಅವಳ ತಲೆ ಬಾಚಲು ಕೂತಳು. ಬೆರಳಿಗೆ ಏನೋ ತಾಗಿತು. "ಅಯ್ಯೋ ಮಗಳೇ, ತಲೆಯಲ್ಲಿ ಮೊಳೆ ಇದೆಯಲ್ಲೇ!" ಎಂದು ಕಿತ್ತೇಬಿಟ್ಟಳು. ಯಕ್ಷಿ ಮಾಯ.

ಕತ್ತನಾರ್ ಹಿಂಬಾಲಿಸಿ ಹೋಗಿ ಮಾತು ತೆಗೆದುಕೊಂಡು ಪನಯನ್ನಾರ್ಕಾವಿನಲ್ಲಿ ಅವಳನ್ನು ನೆಲೆಗೊಳಿಸಿದ ಎಂದು ಕತೆ ಮುಂದುವರಿಯುತ್ತದೆ. ನಾನು ಮಾತ್ರ ಮುದುಕಿಯ ಬಳಿಯೇ ನಿಂತುಬಿಡುತ್ತೇನೆ. ಅವಳಿಗೆ ಮಂತ್ರ ಗೊತ್ತಿಲ್ಲ, ಎದುರಿಗೆ ಕೂತವಳು ಯಾರೆಂದೂ ಗೊತ್ತಿಲ್ಲ. ಒಬ್ಬ ಹೆಣ್ಣಿನ ತಲೆಯಲ್ಲಿ ಮೊಳೆ ಇದ್ದರೆ ಅದನ್ನು ಕೀಳಬೇಕೆಂಬುದಷ್ಟೇ ಗೊತ್ತು. ಕೇಳಿ ಕೀಳಬೇಕಿತ್ತು ಎಂದು ಯಾರಾದರೂ ಅಂದರೆ ನಾನು ಒಪ್ಪಲಾರೆ. ವಿಕ್ರಮದ ಕತೆಗಳೆಲ್ಲ ಮೊಳೆ ಹೊಡೆದವನ ಹೆಸರನ್ನು ಉಳಿಸಿಕೊಂಡಿವೆ, ಕಿತ್ತವಳ ಹೆಸರು ಎಲ್ಲಿಯೂ ಇಲ್ಲ.

ಈಗ ಗೋಡೆಯ ಮುತ್ತಪ್ಪನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿಬಳಸಿ ಬಂದದ್ದು ಅವನಿಗಾಗಿಯೇ.

ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಗೋಡೆಗೆ ತಾಗಿ ಒಂದು ಚಿಕ್ಕ ಕಟ್ಟೆ. ವಿಗ್ರಹವಿಲ್ಲ, ಪೂಜಾರಿಯಿಲ್ಲ, ಗಂಟೆಯಿಲ್ಲ. ಜನ ಬಂದು ಮೇಣದಬತ್ತಿ ಹಚ್ಚುತ್ತಾರೆ, ಚುರುಟು ಇಡುತ್ತಾರೆ, ಕಳ್ಳು, ಪುಟ್ಟು, ಬೇಯಿಸಿದ ಮೊಟ್ಟೆ, ಮೀನು ಇಡುತ್ತಾರೆ. ಇದು ಕಾಪ್ಪಿರಿ ಮುತ್ತಪ್ಪನ ಜಾಗ. ಕಾಪ್ಪಿರಿ ಎಂದರೆ ಪೋರ್ಚುಗೀಸರು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮ. ಕೊಚ್ಚಿಯ ಕೋಟೆ, ಗೋದಾಮು, ಬಂಗಲೆಗಳ ಕೆಲಸಕ್ಕೆ ಅವರನ್ನು ದುಡಿಸಿದರು. 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದಾಗ ಪೋರ್ಚುಗೀಸರು ಊರು ಬಿಡಬೇಕಾಯಿತು. ಹೊತ್ತೊಯ್ಯಲಾಗದ ಬೆಳ್ಳಿಬಂಗಾರವನ್ನು ಗೋಡೆಗಳೊಳಗೂ ಮರಗಳ ಬುಡದಲ್ಲೂ ಹೂತರು. ಮತ್ತೆ ಬಂದು ತೆಗೆದುಕೊಳ್ಳುವವರೆಗೆ ಕಾಯಬೇಕಲ್ಲ? ನಂಬಿಕಸ್ಥನಾದ ಒಬ್ಬೊಬ್ಬ ಗುಲಾಮನನ್ನು ಕೊಂದು, ಕೆಲವರನ್ನು ಜೀವಂತವಾಗಿಯೇ, ನಿಧಿಯ ಜೊತೆ ಹಾಕಿ ಗೋಡೆ ಮುಚ್ಚಿದರು. ಹೀಗೆಂದು ಊರಿನವರ ನೆನಪು. ಒಡೆಯರು ಮರಳಿ ಬರಲಿಲ್ಲ. ಕಾವಲುಗಾರರು ಹೋಗಲಿಲ್ಲ.

ನಿಧಿಗೆ ಕಾವಲಿರುವ ಜೀವಿಗಳು ಎಲ್ಲ ನಾಡಿನ ಕತೆಗಳಲ್ಲೂ ಇದ್ದಾರೆ. ನಮ್ಮಲ್ಲಿ ಏಳು ಹೆಡೆಯ ಸರ್ಪ, ಉತ್ತರ ಯುರೋಪಿನಲ್ಲಿ ಬಂಗಾರದ ಮೇಲೆ ಮಲಗಿದ ಫಾಫ್ನಿರ್ ಎಂಬ ಡ್ರ್ಯಾಗನ್, ಗ್ರೀಕರಲ್ಲಿ ಸಿಂಹದ ಮೈಗೆ ಹದ್ದಿನ ತಲೆಯ ಗ್ರಿಫಿನ್. ಅವೆಲ್ಲ ಸ್ವಂತ ಆಸೆಯಿಂದ ಕಾಯುವವು. ಕಟ್ಟಡ ನಿಲ್ಲಲು ಮನುಷ್ಯರನ್ನು ಕೊಟ್ಟ ಕತೆಗಳೂ ಕಡಿಮೆಯಿಲ್ಲ: ಕೆರೆಗೆ ಹಾರವಾದ ನಮ್ಮ ಭಾಗೀರಥಿಯನ್ನು ನೆನೆದು ಅಳದವರು ಕನ್ನಡದಲ್ಲಿ ಯಾರಿದ್ದಾರೆ? ಅಲ್ಬೇನಿಯಾದ ರೊಝಾಫಾ ಕೂಡ ಕೋಟೆಯ ಗೋಡೆಯೊಳಗೆ ಹೋದ ಕಿರಿಸೊಸೆಯೇ, ಮಗುವಿಗೆ ಹಾಲೂಡಿಸಲು ಒಂದು ಕಂಡಿ ಬಿಡಿಸಿಕೊಂಡವಳು. ಭಾಗೀರಥಿಗೆ ತವರಿತ್ತು, ಗೆಳತಿಯಿದ್ದಳು, ದಂಡಿನಿಂದ ಓಡಿಬಂದು ಕೆರೆಗೆ ಹಾರಿದ ಗಂಡನಿದ್ದ. ಕಾಪ್ಪಿರಿಗೆ ಇಲ್ಲಿ ಅಳುವವರು ಒಬ್ಬರೂ ಇರಲಿಲ್ಲ.

ಆದರೂ ಅವನು ಸೇಡಿನ ಭೂತವಾಗಲಿಲ್ಲ. ಇದೇ ನನಗೆ ದೊಡ್ಡ ಆಶ್ಚರ್ಯ. ರಾತ್ರಿ ಹೊತ್ತು ಗೋಡೆಯ ಮೇಲೆ ಕೂತು ಚುರುಟು ಸೇದುತ್ತಾನೆ, ಸಿಳ್ಳೆ ಹಾಕುತ್ತಾನೆ. ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾನೆ. ಮನಸ್ಸಿಗೆ ಬಂದವರಿಗೆ ನಿಧಿಯ ಜಾಗವನ್ನು ಕನಸಿನಲ್ಲಿ ಹೇಳುತ್ತಾನೆ. ಕಳೆದ ವಸ್ತು ಸಿಗಲೆಂದು, ಪರೀಕ್ಷೆ ಪಾಸಾಗಲೆಂದು, ವೀಸಾ ಸಿಗಲೆಂದು ಅವನಿಗೆ ಬತ್ತಿ ಹಚ್ಚುವವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಪರನಾಡಿನಿಂದ ಬಂದ ಕರಿಯ ಆಳನ್ನು ಅವನ ಜೀವಕಾಲದಲ್ಲಿ ಮನೆಯೊಳಗೆ ಕರೆಯದ ಊರು, ಅವನು ಸತ್ತ ಮೇಲೆ ಮುತ್ತಜ್ಜನ ಪಟ್ಟ ಕೊಟ್ಟು ಎಲೆಯಡಿಕೆ ಚುರುಟು ಇಟ್ಟಿತು. ಇದನ್ನು ಪ್ರಾಯಶ್ಚಿತ್ತವೆಂದು ಒಪ್ಪಿ ಸುಮ್ಮನಾಗಲು ನನ್ನಿಂದಾಗದು. ಆದರೆ ಕೊಚ್ಚಿಯ ಸಾಮಾನ್ಯ ಜನ ಅವನನ್ನು ಮರೆಯಲು ಬಿಡಲಿಲ್ಲ ಎಂಬುದಕ್ಕೆ ನಾನು ತಲೆಬಾಗುತ್ತೇನೆ. ದಾಖಲೆಯಲ್ಲಿ ಸರಕಿನ ಲೆಕ್ಕವಾಗಿದ್ದವನಿಗೆ ಅವರು ಒಂದು ಚಟ, ಒಂದು ಸಿಳ್ಳೆ, ಇಷ್ಟದ ಊಟ, ಕೂರುವ ಗೋಡೆ ಎಲ್ಲ ಕೊಟ್ಟರು. ಮನುಷ್ಯನೆಂದರೆ ಇವೇ ಅಲ್ಲವೇ.

ಡಚ್ಚರು ಬಂದ ಮೇಲಾದರೂ ಕೊಚ್ಚಿಗೆ ಬಿಡುಗಡೆ ಸಿಕ್ಕಿತೇ ಎಂದರೆ, ಹಡಗುಗಳ ದಿಕ್ಕು ತಿರುಗಿತು, ಅಷ್ಟೇ. 1652ರಲ್ಲಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆ ಊರಿದ್ದ ಡಚ್ ಕಂಪನಿಗೆ ಆಳುಗಳು ಬೇಕಿದ್ದರು. ಮಲಬಾರಿನ ಗಂಡಸರು, ಹೆಂಗಸರು, ಮಕ್ಕಳು ಇದೇ ಬಂದರಿನಿಂದ ಅಲ್ಲಿಗೂ ಬಟಾವಿಯಾಕ್ಕೂ ಮಾರಾಟವಾಗಿ ಹೋದರು. ಕೇಪ್‌ನ ಹಳೆಯ ದಫ್ತರುಗಳಲ್ಲಿ ಅವರ ಹೆಸರುಗಳ ಹಿಂದೆ ಮಲಬಾರಿನವರು, ಕೊಚ್ಚಿಯವರು ಎಂದು ಬರೆದಿದೆ; ಮನೆತನದ ಹೆಸರಿನ ಜಾಗದಲ್ಲಿ ಬಂದರಿನ ಹೆಸರು. ಪೋರ್ಚುಗಲ್ಲಿನ ಕವಿ ಕಮೊಯೆನ್ಸ್ 1572ರಲ್ಲಿ ಅಚ್ಚಾದ ತನ್ನ ಮಹಾಕಾವ್ಯದಲ್ಲಿ ಆ ಕೇಪ್‌ಗೆ ಅಡಮಾಸ್ಟರ್ ಎಂಬ ದೈತ್ಯನನ್ನು ಕಾವಲಿಟ್ಟಿದ್ದಾನೆ. ಗಾಮಾನ ಹಡಗುಗಳಿಗೆ ಅಡ್ಡ ನಿಂತು ಮುಂಬರುವ ನಾಶಗಳನ್ನು ಸಾರುವ ಮೋಡದ ಮೈಯ ದೈತ್ಯ. ಕವಿ ಭಾರತದಲ್ಲಿದ್ದು ಹೋದವನು, ಕಡಲನ್ನು ಕಂಡವನು. ಅವನ ದೈತ್ಯ ಹೆದರಿಸಿದ್ದು ಹಡಗಿನ ಮೇಲ್ಗಡೆ ನಿಂತವರನ್ನು. ಹಡಗಿನ ಹೊಟ್ಟೆಯೊಳಗೆ ಸರಪಳಿಯಲ್ಲಿದ್ದವರ ಕಡೆಯಿಂದ ಆ ಕೇಪನ್ನು ನೋಡಿದ ಒಂದು ಮಹಾಕಾವ್ಯ ನನಗೆ ಬೇಕೆನಿಸುತ್ತದೆ. ಮೀನಾಕ್ಷಿ ಅಮ್ಮನ ದೋಣಿ ಮಗುಚಿದ 1752ರಲ್ಲೂ ಕೊಚ್ಚಿಯಲ್ಲಿ ಡಚ್ಚರ ಆಡಳಿತವೇ. ಬೋಳ್ಗಾಟ್ಟಿಯಲ್ಲಿ ಅವರು 1744ರಲ್ಲಿ ಕಟ್ಟಿಸಿದ ಅರಮನೆ ಇಗರ್ಜಿಯ ನೆರೆಯಲ್ಲೇ ಇತ್ತು. ಬಿಡುಗಡೆಯ ಅಮ್ಮನ ಕಣ್ಣೆದುರಿನ ನೀರಿನಲ್ಲೇ ಆ ಹಡಗುಗಳು ಹಾದುಹೋಗಿವೆ.

ಈಗ ಆ ನೀರಿನಲ್ಲಿ ಕಂಟೈನರ್ ಹಡಗುಗಳು. 2011ರ ಫೆಬ್ರವರಿಯಲ್ಲಿ 'ಇಂಟರ್‌ನ್ಯಾಷನಲ್ ಕಂಟೈನರ್ ಟರ್ಮಿನಲ್' ತೆರೆದ ಮೇಲೆ ವಲ್ಲಾರ್ಪಾಡಂ ಎಂದರೆ ಹೊರಗಿನವರಿಗೆ ಅದೇ. ಅದಕ್ಕೆ ರಸ್ತೆ, ರೈಲು ಹಾಕಲು ಮೂಲಂಪಿಳ್ಳಿಯ ಮನೆಗಳನ್ನು 2008ರಲ್ಲಿ ಕೆಡವಿದರು, ಆ ಕುಟುಂಬಗಳ ಗೋಳು ಇನ್ನೂ ಮುಗಿದಿಲ್ಲ. ಬಸ್ಸಿನಲ್ಲಿ ಕೂತ ಅಮ್ಮಾಮ ಇಗರ್ಜಿಯ ಗೋಪುರಗಳು ಕಂಡಾಗ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ, ಮೂಲಂಪಿಳ್ಳಿಯ ಕಡೆಗೆ ತಿರುಗಿದಾಗಲೂ ಮಾಡಿಕೊಳ್ಳುತ್ತಾರೆ.

ಹಬ್ಬದ ದಿನಗಳಲ್ಲಿ ಅವರ ಜೊತೆ ಅಂಗಳ ಗುಡಿಸಿ, ಆಮೇಲೆ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಇಳಿದು ಮಂಗಾಟ್ಟುಮುಕ್ಕಿಗೂ ಹೋಗುವುದು ನಮ್ಮ ರೂಢಿಯಾಗಿದೆ. ಮುತ್ತಪ್ಪನಿಗೆ ಅವರದು ಯಾವಾಗಲೂ ಬೇಯಿಸಿದ ಮೊಟ್ಟೆ. ಹಾಗೊಮ್ಮೆ ಮರಳುವಾಗ ನಾನು ಕೇಳಿದೆ: "ಅಮ್ಮಾಮ, ಮಾತೆ ಗುಲಾಮರನ್ನು ಬಿಡಿಸುವವಳಲ್ಲವಾ? ಇವನನ್ನೂ ಬಿಡಿಸು ಅಂತ ಅವಳ ಹತ್ತಿರ ಬೇಡಬಹುದಲ್ಲ?"

"ಬೇಡಿದರೆ ಬಿಡಿಸ್ತಾಳೆ. ಬಿಟ್ಟ ಮೇಲೆ ಅವನು ಎಲ್ಲಿಗೆ ಹೋಗಬೇಕು, ಮೋಳೇ? ನಿನ್ನ ಊರು ಯಾವುದು ಅಂತ ತಂದವರೂ ಕೇಳಲಿಲ್ಲ, ಹೂತವರೂ ಕೇಳಲಿಲ್ಲ. ಇಲ್ಲಿ ಗೋಡೆಯಾದರೂ ಇದೆ."

ನಾನು ಒಪ್ಪಲಿಲ್ಲ. ಅವನ ಕಡೆಯ ಜನ ನಮ್ಮ ಕರ್ನಾಟಕದಲ್ಲೇ ಇದ್ದಾರೆ ಎಂದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡುಗಳ ಸಿದ್ದಿಗಳ ಬಗ್ಗೆ ಹೇಳಿದೆ: ಹಿಂದಿನವರು ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಈಗ ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರೂ ಉಂಟು, ಮನೆಮಾತು ಕೊಂಕಣಿಯ ಕವಲು, ಹೊರಗೆ ಕನ್ನಡ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಧಮಾಮಿ ಎಂಬ ವಾದ್ಯ ಬಾರಿಸಿ ಕುಣಿಯುತ್ತಾರೆ, ತೀರಿಹೋದವರನ್ನು ಹಿರಿಯರೆಂದು ಮನೆಯೊಳಗೆ ಕೂರಿಸಿ ಪೂಜಿಸುತ್ತಾರೆ, ಕಾಡಿನಲ್ಲಿರುವ ಸಿದ್ದಿ ನಾಸ್ ಎಂಬ ದೇವರ ಬಳಿಗೆ ಮೂರೂ ಮತದವರು ಹೋಗುತ್ತಾರೆ.

ಅಮ್ಮಾಮ ಬಹಳ ಹೊತ್ತು ಪ್ರಶ್ನೆ ಕೇಳಿದರು. ಅವರು ಅಕ್ಕಿ ಬೆಳೆಯುತ್ತಾರಾ, ಮೀನು ತಿನ್ನುತ್ತಾರಾ, ಮಕ್ಕಳು ಶಾಲೆಗೆ ಹೋಗುತ್ತಾರಾ, ಕ್ರೈಸ್ತ ಸಿದ್ದಿಗಳಿಗೆ ಇಗರ್ಜಿ ಇದೆಯಾ. ಕೊನೆಗೆ, "ಮುತ್ತಪ್ಪ ಇಲ್ಲಿದ್ದಾನೆ ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ?" ಎಂದರು.

ಮಳೆ ಕಳೆದ ಮೇಲೆ ಹೋಗುವುದೆಂದು ಮಾತಾಗಿದೆ. ಎರ್ನಾಕುಲಂನಿಂದ ಕೊಂಕಣ ರೈಲಿನಲ್ಲಿ ಅಂಕೋಲೆ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಯಲ್ಲಾಪುರ. ಯಾವ ಮನೆಗೆ ಹೋಗುವುದು, ಯಾರನ್ನು ಕೇಳುವುದು ಎಂದು ನಾನು ಯೋಚಿಸುತ್ತಿದ್ದೇನೆ. ಅಮ್ಮಾಮನ ಯೋಚನೆ ಅವರಿಗೆ ಕೊಂಡೊಯ್ಯುವ ಒಣಮೀನು ಎಷ್ಟು ಕಿಲೋ ಇರಬೇಕೆಂಬುದು.